ದೇಶ ಬಿಟ್ಟ ಮೇಲೂ ಊರಿನ ನಂಬರ್‌ಗೆ ಓಟಿಪಿ ಬರಬೇಕಾದರೆ: ಹಂತ ಹಂತದ ಮಾರ್ಗದರ್ಶಿ

ಅಮೆರಿಕಕ್ಕೆ ಹೊಸದಾಗಿ ಬಂದ ನಮ್ಮ ಕಡೆಯ ಹುಡುಗರು ನನಗೆ ಫೋನ್ ಮಾಡಿ ಕೇಳುವುದು ಬಹುತೇಕ ಒಂದೇ ಮಾತು. "ಅಣ್ಣಾ, ಬ್ಯಾಂಕಿನ ಓಟಿಪಿ ಬರ್ತಿಲ್ಲ, ಏನು ಮಾಡ್ಲಿ?" ಕೂತು ವಿಚಾರಿಸಿದರೆ ಅವರು ಏನೂ ಮಾಡದೆ ಬಂದಿರುವುದಿಲ್ಲ. ರೀಚಾರ್ಜ್ ಮಾಡಿಸಿರುತ್ತಾರೆ, ಇ-ಸಿಮ್ (ಕಾರ್ಡ್ ಇಲ್ಲದೆ ಫೋನಿನೊಳಗೇ ಚಾಲೂ ಆಗುವ ಸಿಮ್) ತೆಗೆದುಕೊಂಡಿರುತ್ತಾರೆ, ರೋಮಿಂಗ್ ಕೂಡ ಹಾಕಿಸಿರುತ್ತಾರೆ. ತಪ್ಪಿರುವುದು ಕ್ರಮ. ಮೊದಲು ಮಾಡಬೇಕಾದದ್ದನ್ನು ಕೊನೆಗೆ ಮಾಡಿರುತ್ತಾರೆ, ಊರಲ್ಲೇ ಮುಗಿಸಬೇಕಾದದ್ದನ್ನು ಇಲ್ಲಿಗೆ ಬಂದ ಮೇಲೆ ಶುರು ಮಾಡಿರುತ್ತಾರೆ.

ಹಾಗಾಗಿ ಈ ಬರಹದಲ್ಲಿ ಕ್ರಮಕ್ಕೇ ಜಾಸ್ತಿ ಒತ್ತು. ಉದಾಹರಣೆಗೆ ಅಮೆರಿಕವನ್ನೇ ಇಟ್ಟುಕೊಂಡಿದ್ದೇನೆ. ಬೇರೆ ದೇಶಕ್ಕೆ ಹೋಗುವವರಿಗೂ 1ರಿಂದ 5ರವರೆಗಿನ ಹಂತಗಳು ಹೆಚ್ಚುಕಡಿಮೆ ಹಾಗೇ ಅನ್ವಯಿಸುತ್ತವೆ.

## ಕೈಯಲ್ಲಿ ಇರಬೇಕಾದದ್ದು

ಹೊರಡುವುದಕ್ಕೆ ಕನಿಷ್ಠ ಆರು ವಾರ. ಎರಡು ಸಿಮ್ ಹಿಡಿಯುವ, ಲಾಕ್ ಇಲ್ಲದ (ಅಂದರೆ ಒಂದೇ ಕಂಪನಿಯ ಸಿಮ್ಮಿಗೆ ಕಟ್ಟಿಹಾಕದ) ಫೋನ್. ಆಧಾರ್ ಕಾರ್ಡ್, ಪಾಸ್‌ಪೋರ್ಟ್. ಊರಲ್ಲಿ ನಿಮಗಾಗಿ ರೀಚಾರ್ಜ್ ಮಾಡಬಲ್ಲ ಒಬ್ಬರು. ಒಂದು ಹಳೆಯ ಸ್ಮಾರ್ಟ್‌ಫೋನ್ ಇದ್ದರೆ ಅದನ್ನು ಮಾರಬೇಡಿ, ಎಕ್ಸ್‌ಚೇಂಜ್‌ಗೂ ಕೊಡಬೇಡಿ. ಯಾಕೆ ಅಂತ ನಾಲ್ಕನೇ ಹಂತದಲ್ಲಿ ಹೇಳುತ್ತೇನೆ.

## ಹಂತ 1: ಸಿಮ್ ಯಾರ ಹೆಸರಲ್ಲಿದೆ? (ಆರು ವಾರ ಮೊದಲು)

ಎಲ್ಲಕ್ಕಿಂತ ಮೊದಲು ಇದನ್ನು ನೋಡಿ. ಕಾಲೇಜಿಗೆ ಸೇರುವಾಗ ಅಪ್ಪನ ಹೆಸರಲ್ಲಿ ತೆಗೆದುಕೊಂಡ ಸಿಮ್ಮನ್ನೇ ಹದಿನೈದು ವರ್ಷದಿಂದ ಬಳಸುತ್ತಿರುವವರು ತುಂಬಾ ಜನ. ಊರಲ್ಲಿ ಇರುವವರೆಗೆ ಅದರಿಂದ ತೊಂದರೆ ಕಾಣುವುದಿಲ್ಲ. ಆದರೆ ಸಿಮ್ ಕೆಟ್ಟರೆ ಅಥವಾ ಕಳೆದರೆ ಬದಲಿ ಸಿಮ್ ಸಿಗುವುದು ಯಾರ ಹೆಸರಲ್ಲಿದೆಯೋ ಅವರಿಗೆ ಮಾತ್ರ. ಅಪ್ಪನೇ ಅಂಗಡಿಗೆ ಹೋಗಿ ಗುರುತು ಸಾಬೀತು ಮಾಡಬೇಕು.

ಬೆಂಗಳೂರಿನ ಐಟಿಯವರಿಗೆ ಇನ್ನೊಂದು ತೊಡಕು ಇದೆ. ಕಂಪನಿ ಕೊಟ್ಟ ನಂಬರ್ ಕಂಪನಿಯ ಹೆಸರಲ್ಲೇ ಇರುತ್ತದೆ. ಕೆಲಸ ಬಿಟ್ಟ ದಿನ ಅದು ಕೈತಪ್ಪಬಹುದು. ರಾಜೀನಾಮೆ ಕೊಡುವ ಹೊತ್ತಿನಲ್ಲೇ ಎಚ್ಆರ್ ಅವರಿಂದ ಒಪ್ಪಿಗೆ ಪತ್ರ ತೆಗೆದುಕೊಂಡು ನಂಬರನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಕೊನೆಯ ವಾರಕ್ಕೆ ಬಿಟ್ಟರೆ ಆ ಪತ್ರಕ್ಕೆ ಸಹಿ ಹಾಕಬೇಕಾದವರು ರಜೆಯಲ್ಲಿರುತ್ತಾರೆ, ಅಲ್ವಾ?

ಪರೀಕ್ಷಿಸುವುದು ಸುಲಭ. ಕೇಂದ್ರ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ನಿಮ್ಮ ಹೆಸರಿನಲ್ಲಿರುವ ಮೊಬೈಲ್ ಸಂಪರ್ಕಗಳನ್ನು ನೋಡಬಹುದು. ಗೊತ್ತಿಲ್ಲದ ನಂಬರ್ ಕಂಡರೆ ಅಲ್ಲೇ ದೂರು ಕೊಡಿ. ದೇಶ ಬಿಟ್ಟ ಮೇಲೆ ನಿಮ್ಮ ಹೆಸರಲ್ಲಿ ಯಾರೋ ಸಿಮ್ ಬಳಸುತ್ತಿದ್ದರೆ ಅದನ್ನು ಬಿಡಿಸಿಕೊಳ್ಳುವುದು ದೊಡ್ಡ ಕಷ್ಟ.

## ಹಂತ 2: ಈ ನಂಬರ್ ಎಲ್ಲೆಲ್ಲಿ ಸೇರಿದೆ, ಬರೆದಿಡಿ

ಒಂದು ಹಾಳೆ ತೆಗೆದುಕೊಳ್ಳಿ. ಬ್ಯಾಂಕ್, ಆಧಾರ್, ಪಿಎಫ್, ಆದಾಯ ತೆರಿಗೆ, ಡಿಮ್ಯಾಟ್, ಡಿಜಿಲಾಕರ್, ಎಲ್ಐಸಿ, ಗ್ಯಾಸ್, ಇ-ಮೇಲ್ ಹೀಗೆ ಒಂದೊಂದೇ ಬರೆಯಿರಿ.

ಇದರಲ್ಲಿ ಆಧಾರ್ ಮುಖ್ಯ. ಆಧಾರ್ ಕೊಡುವ ಸಂಸ್ಥೆ ಯುಐಡಿಎಐ ವಿದೇಶದ ನಂಬರ್‌ಗಳಿಗೆ ಎಸ್ಸೆಮ್ಮೆಸ್ ಕಳಿಸುವುದಿಲ್ಲ. ಪಿಎಫ್ ಹಣ ಆನ್‌ಲೈನ್‌ನಲ್ಲಿ ತೆಗೆಯಲು ಆಧಾರ್‌ಗೆ ಸೇರಿದ ಮೊಬೈಲ್‌ಗೆ ಬರುವ ಓಟಿಪಿ ಬೇಕು. ತೆರಿಗೆ ರಿಟರ್ನ್ ಹಾಕಿದ 30 ದಿನದೊಳಗೆ ಇ-ವೆರಿಫೈ ಮಾಡಲು (ಆನ್‌ಲೈನ್‌ನಲ್ಲೇ ದೃಢಪಡಿಸಲು) ಹೆಚ್ಚಿನವರು ಬಳಸುವುದೂ ಇದನ್ನೇ. ಅಂದರೆ ಅಮೆರಿಕದ ನಂಬರ್ ಬಂದ ಮೇಲೂ ಭಾರತದ ನಂಬರ್ ಬೇಕೇ ಬೇಕು. ಆಧಾರ್‌ನಲ್ಲಿ ಹಳೆಯ, ಯಾವಾಗಲೋ ಬಿಟ್ಟ ನಂಬರ್ ಇದ್ದರೆ ಈಗಲೇ ಬದಲಾಯಿಸಿ, ಇ-ಮೇಲ್ ಕೂಡ ಸೇರಿಸಿ. ಬ್ಯಾಂಕಿನಲ್ಲೂ ಇ-ಮೇಲ್ ಸರಿಯಿದೆಯೇ ನೋಡಿ. ಕೆಲವು ಬ್ಯಾಂಕುಗಳು ಓಟಿಪಿಯನ್ನು ಇ-ಮೇಲ್‌ಗೂ ಕಳಿಸುತ್ತವೆ.

## ಹಂತ 3: ಪೋಸ್ಟ್‌ಪೇಯ್ಡ್‌ನಿಂದ ಪ್ರಿಪೇಯ್ಡ್‌ಗೆ (ನಾಲ್ಕರಿಂದ ಐದು ವಾರ ಮೊದಲು)

ಪೋಸ್ಟ್‌ಪೇಯ್ಡ್ ಇಟ್ಟುಕೊಂಡರೆ ತಿಂಗಳು ತಿಂಗಳು ಬಿಲ್ ಬರುತ್ತದೆ. ಕಾರ್ಡ್ ಅವಧಿ ಮುಗಿದು ಒಂದು ಬಿಲ್ ನಿಂತರೆ ನಂಬರ್ ನಿಲ್ಲುತ್ತದೆ. ನನ್ನ ಅಭಿಪ್ರಾಯ ಸ್ಪಷ್ಟ: ಒಂದು ವರ್ಷಕ್ಕಿಂತ ಜಾಸ್ತಿ ಹೋಗುವವರು ಪ್ರಿಪೇಯ್ಡ್‌ಗೆ ಬದಲಾಯಿಸಿಕೊಳ್ಳಿ. ಪೋಸ್ಟ್‌ಪೇಯ್ಡ್‌ನಲ್ಲಿ ಮೂರು ತಿಂಗಳಿಗೆ 150 ರೂಪಾಯಿ ಮೀರದ ಶುಲ್ಕಕ್ಕೆ ನಂಬರನ್ನು ಸುರಕ್ಷಿತವಾಗಿ ಇಡುವ ವ್ಯವಸ್ಥೆ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್‌ನ ನಿಯಮದಲ್ಲಿದೆ. ಆದರೆ ಅದರಲ್ಲಿ ಉಳಿಯುವುದು ನಂಬರ್ ಮಾತ್ರ. ಓಟಿಪಿ ಬೇಕಾದವರಿಗೆ ಅದು ಪ್ರಯೋಜನವಿಲ್ಲ.

ಸಿಮ್ ಕಂಪನಿ ಬದಲಾಯಿಸುವ ಮನಸ್ಸಿದ್ದರೆ ಅದಕ್ಕೂ ಇದೇ ಸಮಯ. ಪೋರ್ಟ್ ಮಾಡುವ, ಅಂದರೆ ಅದೇ ನಂಬರ್ ಇಟ್ಟುಕೊಂಡು ಕಂಪನಿ ಬದಲಾಯಿಸುವ ಬಗ್ಗೆ ಮೂರು ವಿಷಯ ಗೊತ್ತಿರಲಿ. ಒಂದು, ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು. ಎರಡು, ಬಾಕಿ ಬಿಲ್ ಇರಬಾರದು. ಮೂರು, 2024ರ ಜುಲೈ 1ರಿಂದ ಜಾರಿಗೆ ಬಂದ ನಿಯಮದ ಪ್ರಕಾರ, ಸಿಮ್ ಬದಲಿಸಿದ 7 ದಿನದೊಳಗೆ ಪೋರ್ಟ್ ಕೋಡ್ ಸಿಗುವುದಿಲ್ಲ. ಮೊದಲು ಇ-ಸಿಮ್ ಮಾಡಿಸಿ, ಮರುದಿನ ಪೋರ್ಟ್‌ಗೆ ಹೋದವರು ಸಿಕ್ಕಿಬೀಳುವುದು ಇಲ್ಲೇ. ಪೋರ್ಟ್ ಮೊದಲು, ಸಿಮ್ ಬದಲಾವಣೆ ಆಮೇಲೆ.

## ಹಂತ 4: ಪ್ಲಾಸ್ಟಿಕ್ ಸಿಮ್ಮೋ, ಇ-ಸಿಮ್ಮೋ? (ಮೂರು ವಾರ ಮೊದಲು)

ಹೆಚ್ಚು ಜನ ಎಡವುವುದು ಇಲ್ಲಿ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೋಗೋಣ.

"ಭಾರತದ್ದನ್ನು ಇ-ಸಿಮ್ ಮಾಡಿಸಿ, ಅಮೆರಿಕದ್ದಕ್ಕೆ ಸ್ಲಾಟ್ ಖಾಲಿ ಇಡಿ" ಅಂತ ಎಲ್ಲರೂ ಹೇಳುತ್ತಾರೆ. ನಾನು ಹೇಳುವುದು ಇದರ ತದ್ವಿರುದ್ಧ. ಭಾರತದ ನಂಬರ್ ಪ್ಲಾಸ್ಟಿಕ್ ಸಿಮ್ಮಿನಲ್ಲೇ ಇರಲಿ. ಅಮೆರಿಕದ ನಂಬರನ್ನು ಇ-ಸಿಮ್ ಮಾಡಿಕೊಳ್ಳಿ.

ಕಾರಣ ಸರಳ. ಫೋನ್ ಬಿದ್ದು ಒಡೆದರೆ ಪ್ಲಾಸ್ಟಿಕ್ ಸಿಮ್ಮನ್ನು ತೆಗೆದು ಇನ್ನೊಂದು ಫೋನಿಗೆ ಹಾಕಿದರೆ ಮುಗಿಯಿತು, ಯಾರ ಅಪ್ಪಣೆಯೂ ಬೇಡ. ಇ-ಸಿಮ್ ಆದರೆ ಹೊಸ ಫೋನಿಗೆ ಸಾಗಿಸಲು ಕಂಪನಿಯ ಒಪ್ಪಿಗೆ ಬೇಕು. ಅದಕ್ಕೆ ಅದೇ ನಂಬರ್‌ನಿಂದ ಎಸ್ಸೆಮ್ಮೆಸ್ ಕಳಿಸು, ಬರುವ ಕರೆಗೆ ಒಪ್ಪಿಗೆ ಕೊಡು ಅನ್ನುತ್ತಾರೆ. ಒಡೆದ ಫೋನಿನಿಂದ ಹೇಗೆ ಕಳಿಸುವುದು? ಅಮೆರಿಕದ ಮಧ್ಯದಲ್ಲಿ ಕೂತು ಇದನ್ನು ಬಗೆಹರಿಸಲು ಒದ್ದಾಡಿದವರನ್ನು ಕಣ್ಣಾರೆ ಕಂಡಿದ್ದೇನೆ.

ಒಂದು ಎಚ್ಚರಿಕೆ. ಅಮೆರಿಕದಲ್ಲಿ ಮಾರುವ ಐಫೋನ್‌ಗಳಲ್ಲಿ 2022ರ ಐಫೋನ್ 14ರಿಂದ ಈಚೆಗೆ ಸಿಮ್ ಹಾಕುವ ಜಾಗವೇ ಇಲ್ಲ. 2025ರ ಐಫೋನ್ 17ರಿಂದ ಸೌದಿ, ಯುಎಇ, ಕತಾರ್‌ನಂಥ ಕೊಲ್ಲಿ ದೇಶಗಳಲ್ಲೂ ಹಾಗೇ ಆಗಿದೆ. ಅಲ್ಲಿ ಹೊಸ ಐಫೋನ್ ಕೊಳ್ಳುವ ಆಸೆ ಇದ್ದರೆ ಊರಿನಿಂದ ತಂದ ಹಳೆಯ ಫೋನ್ ಬೇಕಾಗುತ್ತದೆ. ಭಾರತದ ಸಿಮ್ ಅದರಲ್ಲಿ ಇರಲಿ. ಟೇಬಲ್ ಮೇಲೆ ಚಾರ್ಜ್‌ಗೆ ಹಾಕಿಟ್ಟರೆ ಸಾಕು, ಓಟಿಪಿ ಬಂದಾಗ ನೋಡಬಹುದು.

ಏನೇ ಆದರೂ ಇ-ಸಿಮ್ ಬೇಕು ಅನ್ನುವವರು ಇದನ್ನು ನೆನಪಿಡಿ. ಸಿಮ್ ಬದಲಾದ ಮೇಲೆ 24 ಗಂಟೆ ಎಸ್ಸೆಮ್ಮೆಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಮೋಸ ತಡೆಯಲು ದೂರಸಂಪರ್ಕ ಇಲಾಖೆಯೇ ಹಾಕಿದ ತಡೆ ಇದು. ರಾತ್ರಿ ದೇವನಹಳ್ಳಿಯಿಂದ ವಿಮಾನ, ಬೆಳಿಗ್ಗೆ ಇ-ಸಿಮ್ ಅಂತ ಹೋದವರಿಗೆ ಟಿಕೆಟ್‌ಗೆ, ಫಾರೆಕ್ಸ್ ಕಾರ್ಡ್‌ಗೆ ಬೇಕಾದ ಓಟಿಪಿಯೇ ಬರುವುದಿಲ್ಲ. ಹೊರಡುವುದಕ್ಕೆ ಹತ್ತು ದಿನ ಮೊದಲೇ ಮುಗಿಸಿ. ಆಮೇಲೆ ಆ ಫೋನನ್ನು ರೀಸೆಟ್ ಮಾಡುವಾಗ ಇ-ಸಿಮ್ ಅಳಿಸಬೇಕೇ ಅಂತ ಕೇಳಿದರೆ ಬೇಡ ಅನ್ನಿ. ಇ-ಸಿಮ್ ಹಾಕಲು ಕೊಟ್ಟ ಹಳೆಯ ಕ್ಯೂಆರ್ ಕೋಡ್ ಎರಡನೇ ಸಲ ಕೆಲಸ ಮಾಡುತ್ತದೆ ಅಂತ ನಂಬಬೇಡಿ.

ಇನ್ನು ಕೆಲವರು ಸಿಮ್ಮನ್ನು ಅಮ್ಮನ ಹತ್ತಿರ ಬಿಟ್ಟು, ಓಟಿಪಿ ಬಂದಾಗ ಫೋನಿನಲ್ಲಿ ಓದಿ ಹೇಳು ಅನ್ನುತ್ತಾರೆ. ದಯವಿಟ್ಟು ಬೇಡ. ಓಟಿಪಿಯನ್ನು ಫೋನಿನಲ್ಲಿ ಓದಿ ಹೇಳುವ ಅಭ್ಯಾಸವನ್ನು ನಾವೇ ಅಮ್ಮನಿಗೆ ಕಲಿಸಿದರೆ, ನಾಳೆ ಮೋಸಗಾರ ಕೇಳಿದಾಗಲೂ ಅವರು ಹೇಳಿಬಿಡುತ್ತಾರೆ. ಎಸ್ಸೆಮ್ಮೆಸ್ಸನ್ನು ತಾನಾಗಿ ಬೇರೆ ಕಡೆ ಕಳಿಸುವ ಆ್ಯಪ್‌ಗಳಿಂದಲೂ ದೂರ ಇರಿ. ನಿಮ್ಮ ಬ್ಯಾಂಕಿನ ಕೀಲಿಯನ್ನು ಗುರುತಿಲ್ಲದವರ ಕೈಗೆ ಕೊಟ್ಟ ಹಾಗೆ ಅದು.

## ಹಂತ 5: ರೋಮಿಂಗ್, ಯುಪಿಐ, ಕಾಂಟ್ಯಾಕ್ಟ್ಸ್ (ಕೊನೆಯ ಹತ್ತು ದಿನ)

ರೋಮಿಂಗ್. ಸಿಮ್ ಕಂಪನಿಯ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ರೋಮಿಂಗ್ ಚಾಲೂ ಮಾಡಿ. ನಮ್ಮ ದೊಡ್ಡ ಕಂಪನಿಗಳಲ್ಲಿ ರೋಮಿಂಗ್‌ನಲ್ಲಿ ಬರುವ ಎಸ್ಸೆಮ್ಮೆಸ್‌ಗೆ ಸಾಮಾನ್ಯವಾಗಿ ದುಡ್ಡಿಲ್ಲ. ಆದರೆ ರೋಮಿಂಗ್ ಚಾಲೂ ಆಗಿರಬೇಕು, ಪ್ಲಾನ್ ಅವಧಿಯೂ ಇರಬೇಕು. ಕೆಲವು ಕಡೆ ರೋಮಿಂಗ್ ಶುರುವಾಗಲು ಬೇರೆ ರೀಚಾರ್ಜ್ ಬೇಕಾಗಬಹುದು. ಅದನ್ನು ಬೆಂಗಳೂರಲ್ಲೇ ಕೇಳಿ ತಿಳಿದುಕೊಳ್ಳಿ. ಚಾಲೂ ಆಗಿದೆ ಅನ್ನುವ ಮೆಸೇಜ್ ಬಂದರೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಯುಪಿಐ. ಯುಪಿಐ ಆ್ಯಪ್ ನೋಂದಣಿ ಆಗುವಾಗ ನಿಮ್ಮ ಸಿಮ್ಮಿನಿಂದ ಒಂದು ಎಸ್ಸೆಮ್ಮೆಸ್ ಹೊರಗೆ ಹೋಗುತ್ತದೆ. ಊರಲ್ಲಿ ಇದು ಗಮನಕ್ಕೂ ಬರುವುದಿಲ್ಲ. ವಿದೇಶದಿಂದ ಹೊರಹೋಗುವ ಎಸ್ಸೆಮ್ಮೆಸ್‌ಗೆ ಬ್ಯಾಲೆನ್ಸ್ ಬೇಕು, ಎಷ್ಟೋ ಸಲ ಅದು ಹೋಗುವುದೇ ಇಲ್ಲ. ಹಾಗಾಗಿ ಕೊಂಡೊಯ್ಯುವ ಫೋನಿನಲ್ಲೇ ಯುಪಿಐ ಮತ್ತು ಬ್ಯಾಂಕ್ ಆ್ಯಪ್‌ಗಳನ್ನು ಊರಲ್ಲೇ ನೋಂದಾಯಿಸಿ. ಅಲ್ಲಿಗೆ ಹೋದ ಮೇಲೆ ಆ ಆ್ಯಪ್‌ಗಳನ್ನು ಸುಮ್ನೆ ಅಳಿಸಿ ಮತ್ತೆ ಹಾಕಬೇಡಿ.

ಕಾಂಟ್ಯಾಕ್ಟ್ಸ್. ಹತ್ತೇ ಅಂಕಿಯಲ್ಲಿ ಉಳಿಸಿದ ನಂಬರ್‌ಗಳ ಮುಂದೆ +91 ಸೇರಿಸಿ. ಅಮೆರಿಕದ ನಂಬರ್‌ಗಳೂ ಹತ್ತು ಅಂಕಿಯವೇ. ಚಿಕ್ಕಮ್ಮನಿಗೆ ಅಂತ ಒತ್ತಿದರೆ ಯಾರೋ ಗುರುತಿಲ್ಲದವರಿಗೆ ಕರೆ ಹೋಗುತ್ತದೆ.

ವಾಟ್ಸ್ಆ್ಯಪ್. ನಂಬರ್ ಬದಲಿಸಬೇಡಿ, ಭಾರತದ ನಂಬರ್‌ನಲ್ಲೇ ಇರಲಿ. ಎರಡು ಹಂತದ ಪಿನ್ ಹಾಕಿ, ಇ-ಮೇಲ್ ಸೇರಿಸಿ. ಯುಎಇಗೆ ಹೋಗುವ ಕರಾವಳಿಯವರು ಒಂದು ವಿಷಯ ನೆನಪಿಡಿ: ಅಲ್ಲಿ ವಾಟ್ಸ್ಆ್ಯಪ್ ಮೆಸೇಜ್ ಹೋಗುತ್ತದೆ, ಕರೆ ಸಾಮಾನ್ಯವಾಗಿ ಹೋಗುವುದಿಲ್ಲ. ಮನೆಯವರಿಗೆ ಮೊದಲೇ ಹೇಳಿಟ್ಟರೆ ಅವರು ಗಾಬರಿಯಾಗುವುದಿಲ್ಲ.

ಡಿಎನ್‌ಡಿ. 1909 ನಂಬರ್ ಮೂಲಕ ಜಾಹೀರಾತು ಕರೆ ನಿಲ್ಲಿಸಿ. ರೋಮಿಂಗ್‌ನಲ್ಲಿ ಕರೆ ಎತ್ತಿದರೂ ದುಡ್ಡು, ಸಾಲ ಬೇಕೇ ಅಂತ ಕೇಳುವವರಿಗಾಗಿ ಯಾಕೆ ಕಳೆಯಬೇಕು? ಬ್ಯಾಂಕಿನ ಓಟಿಪಿಗೆ ಇದರಿಂದ ಅಡ್ಡಿಯಿಲ್ಲ.

## ಹಂತ 6: ಅಮೆರಿಕದ ನಂಬರ್

ಪ್ರವಾಸಿಗರಿಗೆಂದು ಮಾರುವ ಇ-ಸಿಮ್‌ಗಳಲ್ಲಿ ಬಹುಪಾಲು ಡೇಟಾ ಮಾತ್ರ ಇರುತ್ತದೆ, ನಂಬರ್ ಇರುವುದಿಲ್ಲ. ಮೊದಲ ವಾರಕ್ಕೆ ಅದು ಸಾಕು. ಬ್ಯಾಂಕ್ ಖಾತೆಗೆ, ಬಾಡಿಗೆ ಮನೆಗೆ ಮಾತ್ರ ನಿಜವಾದ ನಂಬರ್ ಬೇಕು. ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುವ ನಂಬರ್‌ಗಳನ್ನು ಅಲ್ಲಿನ ಎಷ್ಟೋ ಬ್ಯಾಂಕುಗಳು ಒಪ್ಪುವುದಿಲ್ಲ.

ಹೊಸಬರಿಗೆ ಪ್ರಿಪೇಯ್ಡ್ ಒಳ್ಳೆಯದು. ಪೋಸ್ಟ್‌ಪೇಯ್ಡ್‌ಗೆ ಕ್ರೆಡಿಟ್ ಇತಿಹಾಸ (ಸಾಲ ತೀರಿಸಿದ ದಾಖಲೆ) ನೋಡುತ್ತಾರೆ, ಇಲ್ಲದಿದ್ದರೆ ಡೆಪಾಸಿಟ್ ಕೇಳುತ್ತಾರೆ. ಕೊಳ್ಳುವ ಮೊದಲು ಫೋನಿನಲ್ಲಿ *#06# ಒತ್ತಿ 15 ಅಂಕಿಯ ಐಎಂಇಐ (ಫೋನಿನ ಗುರುತು ಸಂಖ್ಯೆ) ನೋಡಿ, ಅದನ್ನು ಆ ಕಂಪನಿಯ ತಾಣದಲ್ಲಿ ಹಾಕಿ ಪರೀಕ್ಷಿಸಿ. ಇದು ಯಾಕೆ ಬೇಕು ಅಂದರೆ, 2022ರಲ್ಲಿ ಅಲ್ಲಿನ ದೊಡ್ಡ ಕಂಪನಿಗಳು 3ಜಿ ಮುಚ್ಚಿದವು. ಈಗ ಕರೆ ಹೋಗುವುದೇ 4ಜಿ, 5ಜಿ ಮೇಲೆ. ಅಲ್ಲಿನ ದೊಡ್ಡ ಕಂಪನಿಗಳಲ್ಲಿ ಒಂದಾದ ಎಟಿ ಆಂಡ್ ಟಿ ತಾನು ಒಪ್ಪಿದ ಫೋನ್‌ಗಳ ಪಟ್ಟಿಯನ್ನೇ ಇಟ್ಟುಕೊಂಡಿದೆ. ಭಾರತದಲ್ಲಿ ಮಾತ್ರ ಮಾರುವ ಎಷ್ಟೋ ಆಂಡ್ರಾಯ್ಡ್ ಫೋನ್‌ಗಳು ಅದರಲ್ಲಿಲ್ಲ. ಅಂಥ ಫೋನ್ ಇರುವವರಿಗೆ ಟಿ-ಮೊಬೈಲ್ ಅಥವಾ ಅದರ ಟವರ್ ಮೇಲೆ ನಡೆಯುವ ಮಿಂಟ್‌ನಂಥ ಕಂಪನಿ ಸುಲಭ.

"ಫೋನ್ ಉಚಿತ" ಅನ್ನುವ ಕೊಡುಗೆಗೆ ಕೈ ಹಾಕುವ ಮೊದಲು ಯೋಚಿಸಿ. ಕಂತಿನಲ್ಲಿ ಬರುವ ಆ ಫೋನ್ ಸಾಮಾನ್ಯವಾಗಿ ಕಂಪನಿಗೆ ಲಾಕ್ ಆಗಿರುತ್ತದೆ, ನಿಮ್ಮ ಭಾರತದ ಸಿಮ್ಮನ್ನು ಒಪ್ಪುವುದಿಲ್ಲ. ಐಫೋನಿನ ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ತೆರೆದು ಕೆಳಗೆ ಹೋದರೆ 'ನೋ ಸಿಮ್ ರಿಸ್ಟ್ರಿಕ್ಷನ್ಸ್' ಅಂತ ಇರಬೇಕು.

## ಹಂತ 7: ಇಳಿದ ಕೂಡಲೇ ಸೆಟ್ಟಿಂಗ್ಸ್

1. ಭಾರತದ ಸಿಮ್ಮಿನ ಡೇಟಾ ರೋಮಿಂಗ್ ಮುಚ್ಚಿ. ಇದನ್ನು ವಿಮಾನದಲ್ಲಿ ಕೂತಾಗಲೇ ಮಾಡಿ.
2. ಡೇಟಾ ಮತ್ತು ಕರೆ ಎರಡಕ್ಕೂ ಅಮೆರಿಕದ ಸಿಮ್ ಆರಿಸಿ.
3. ಒಂದು ಸಿಮ್ಮಿನಲ್ಲಿ ಸಿಗ್ನಲ್ ಇಲ್ಲದಾಗ ಇನ್ನೊಂದರ ಡೇಟಾ ಬಳಸುವ ಸೌಲಭ್ಯ ಫೋನಿನಲ್ಲಿರುತ್ತದೆ. ಅದನ್ನೂ ಮುಚ್ಚಿ.
4. ಐಫೋನಿನಲ್ಲಿ ಐಮೆಸೇಜ್ ಮತ್ತು ಫೇಸ್‌ಟೈಮ್‌ನಿಂದ ಭಾರತದ ನಂಬರ್ ತೆಗೆಯಿರಿ. ಇವು ಚಾಲೂ ಆಗಲು ನಿಮಗೆ ಕಾಣದ ಹಾಗೆ ಎಸ್ಸೆಮ್ಮೆಸ್ ಕಳಿಸುತ್ತವೆ, ಅದಕ್ಕೂ ದುಡ್ಡು ಹೋಗುತ್ತದೆ.
5. ಭಾರತದ ಸಿಮ್ಮಿಗೆ ಟವರ್ ಸಿಗದಿದ್ದರೆ ನೆಟ್‌ವರ್ಕ್ ಆಯ್ಕೆಯನ್ನು ಆಟೋಮ್ಯಾಟಿಕ್‌ನಿಂದ ತೆಗೆದು, ಪಟ್ಟಿಯಲ್ಲಿ ಕಾಣುವ ಒಂದೊಂದನ್ನೇ ಆರಿಸಿ ನೋಡಿ.

ಟವರ್ ಇದೆ, ಆದರೂ ಓಟಿಪಿ ಕಾಣುತ್ತಿಲ್ಲವೇ? ಮೆಸೇಜ್ ಆ್ಯಪ್‌ನ ಸ್ಪ್ಯಾಮ್ ಫೋಲ್ಡರ್ ತೆರೆಯಿರಿ. ಗುರುತಿಲ್ಲದವರ ಮೆಸೇಜ್‌ಗಳನ್ನು ಬೇರೆ ಇಡುವ ಪಟ್ಟಿಯನ್ನೂ ನೋಡಿ. ಅಲ್ಲೂ ಇಲ್ಲದಿದ್ದರೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ತೆಗೆದು, ಎರಡು ನಿಮಿಷ ಬಿಟ್ಟು ಹೊಸ ಓಟಿಪಿ ಕೇಳಿ. ಪದೇ ಪದೇ ಒತ್ತುತ್ತಾ ಹೋದರೆ ಬ್ಯಾಂಕ್ ಖಾತೆಯನ್ನೇ ತಾತ್ಕಾಲಿಕವಾಗಿ ತಡೆಯಬಹುದು.

## ಹಂತ 8: ನಂಬರನ್ನು ಜೀವಂತ ಇಡುವುದು

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಲವಾಗಿ ಬೇರೂರಿದೆ. "ಇಪ್ಪತ್ತು ರೂಪಾಯಿ ಬ್ಯಾಲೆನ್ಸ್ ಇದ್ದರೆ ಸಾಕು" ಅಂತ. ಟ್ರಾಯ್ ನಿಯಮ ಇರುವುದು ನಿಜ. ಬಳಸದೆ 90 ದಿನ ಆಗುವ ಮೊದಲು ಪ್ರಿಪೇಯ್ಡ್ ನಂಬರನ್ನು ಕಿತ್ತುಕೊಳ್ಳುವಂತಿಲ್ಲ. ಆಮೇಲೂ 20 ರೂಪಾಯಿ ಇದ್ದರೆ ಅದನ್ನು ಕಡಿದುಕೊಂಡು 30 ದಿನ ಮುಂದೂಡಬೇಕು. ನಿಂತ ಮೇಲೆ ಮರಳಿ ಪಡೆಯಲು 15 ದಿನ ಕಾಲಾವಕಾಶ ಇದೆ. ಆದರೆ ನಂಬರ್ ಉಳಿಯುವುದು ಬೇರೆ, ಓಟಿಪಿ ಬರುವುದು ಬೇರೆ. ಪ್ಲಾನ್ ಅವಧಿ ಮುಗಿದರೆ ಮೊದಲು ಹೊರಹೋಗುವ ಕರೆ ನಿಲ್ಲುತ್ತದೆ, ಕೆಲವು ದಿನಗಳಲ್ಲಿ ಒಳಬರುವುದೂ ನಿಲ್ಲುತ್ತದೆ.

ಹಾಗಾಗಿ ವರ್ಷದ ಪ್ಲಾನ್ ಹಾಕಿಸಿ. ಡೇಟಾ ಇಲ್ಲದ, ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಲಾನ್ ಕೊಡಲೇಬೇಕು ಅಂತ 2024ರ ಡಿಸೆಂಬರ್‌ನಲ್ಲಿ ಟ್ರಾಯ್ ಆದೇಶ ಮಾಡಿತು. 2025ರ ಜನವರಿಯಲ್ಲಿ ಬಂದಾಗ ಇವುಗಳ ಬೆಲೆ ವರ್ಷಕ್ಕೆ 1,800 ರೂಪಾಯಿ ಆಸುಪಾಸು ಇತ್ತು. ನಮಗೆ ಬೇಕಾದದ್ದು ಇದೇ. ಕೊಳ್ಳುವಾಗ ದಿನ ಎಣಿಸಿ. ಕೆಲವು 365 ದಿನ, ಕೆಲವು 336 ದಿನ. ಈ 29 ದಿನದ ವ್ಯತ್ಯಾಸದಲ್ಲೇ ಓಟಿಪಿ ಕಳೆದುಕೊಂಡವರಿದ್ದಾರೆ.

ವಿದೇಶದ ಕಾರ್ಡ್‌ನಿಂದ ರೀಚಾರ್ಜ್ ಎಷ್ಟೋ ಸಲ ಆಗುವುದಿಲ್ಲ. ಊರಿನ ತಮ್ಮನೋ ತಂಗಿಯೋ ಅವರ ಯುಪಿಐನಿಂದ ಮಾಡಿದರೆ ಒಂದು ನಿಮಿಷದ ಕೆಲಸ. ಕ್ಯಾಲೆಂಡರ್‌ನಲ್ಲಿ ಎರಡು ನೆನಪು ಹಾಕಿ: ಅವಧಿ ಮುಗಿಯುವ 20 ದಿನ ಮೊದಲು ಒಂದು, 5 ದಿನ ಮೊದಲು ಇನ್ನೊಂದು. ಓಟಿಪಿ ಬರುತ್ತಿದೆ ಅಂತ ಮಾತ್ರ ನಂಬಿ ಕೂರಬೇಡಿ. ಎರಡು ತಿಂಗಳಿಗೊಮ್ಮೆ ಒಂದು ಚಿಕ್ಕ ಕರೆಯನ್ನೂ ಆ ನಂಬರ್‌ನಲ್ಲಿ ಎತ್ತಿ. ದರವನ್ನು ಮೊದಲು ನೋಡಿಕೊಂಡು ಅರ್ಧ ನಿಮಿಷದಲ್ಲಿ ಇಟ್ಟುಬಿಡಿ.

ಅಪಾಯದ ಸೂಚನೆಗಳು: ಹದಿನೈದು ದಿನ ಒಂದೂ ಎಸ್ಸೆಮ್ಮೆಸ್ ಬರದಿರುವುದು. ಕೇಳದೇ ಸಿಮ್ ಬದಲಾವಣೆಯ ಮೆಸೇಜ್ ಬರುವುದು. ಇದ್ದಕ್ಕಿದ್ದಂತೆ 'ನೋ ಸರ್ವಿಸ್' ಆಗಿ ಮರುದಿನವೂ ಹಾಗೇ ಇರುವುದು. ಕೊನೆಯ ಎರಡು ಕಂಡರೆ ಮೊದಲು ಬ್ಯಾಂಕಿಗೆ ಫೋನ್ ಮಾಡಿ ವ್ಯವಹಾರ ನಿಲ್ಲಿಸಿ, ಆಮೇಲೆ ಸಿಮ್ ಕಂಪನಿಗೆ.

## ಹಂತ 9: ಬ್ಯಾಂಕಿನ ಭಾರ ಇಳಿಸುವುದು

ವಿದೇಶದಲ್ಲಿ ನೆಲೆಸಿದ ಮೇಲೆ ಊರಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಅನಿವಾಸಿಗಳ ಭಾರತದ ಆದಾಯದ ಖಾತೆ) ಮಾಡಿಸಲೇಬೇಕು, ಅದು ವಿದೇಶಿ ವಿನಿಮಯ ಕಾನೂನಾದ ಫೆಮಾದ ನಿಯಮ. ಆ ಫಾರ್ಮ್ ತುಂಬುವಾಗಲೇ ಅಮೆರಿಕದ ನಂಬರ್‌ಗೆ ಓಟಿಪಿ ಕಳಿಸುತ್ತೀರಾ ಅಂತ ಕೇಳಿ. ಹಲವು ಬ್ಯಾಂಕುಗಳು ಕಳಿಸುತ್ತವೆ. 2023ರ ಜನವರಿಯಲ್ಲಿ ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆ ಎನ್‌ಆರ್‌ಇ (ವಿದೇಶದ ಗಳಿಕೆ ಇಡುವ ಖಾತೆ), ಎನ್‌ಆರ್‌ಒ ಖಾತೆಗೆ ವಿದೇಶಿ ನಂಬರ್‌ನಲ್ಲೇ ಯುಪಿಐ ಬಳಸಲು ಒಪ್ಪಿಗೆ ಕೊಟ್ಟಿತು. ಆಗ ಸೇರಿದ್ದ ಹತ್ತು ದೇಶಗಳು: ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ, ಸಿಂಗಪುರ, ಹಾಂಗ್‌ಕಾಂಗ್, ಯುಎಇ, ಸೌದಿ, ಕತಾರ್, ಒಮಾನ್.

ಬ್ಯಾಂಕಿನಲ್ಲಿ ನಂಬರ್ ಬದಲಾಯಿತು ಅಂತ ಭಾರತದ ನಂಬರ್ ಬಿಡಬೇಡಿ. ಬಿಟ್ಟ ನಂಬರನ್ನು ಕನಿಷ್ಠ 90 ದಿನದ ನಂತರ ಕಂಪನಿ ಬೇರೆಯವರಿಗೆ ಕೊಡಬಹುದು. ಎರಡನೇ ಹಂತದ ಹಾಳೆಯಲ್ಲಿ ಒಂದು ಸಾಲು ಉಳಿದಿದ್ದರೂ ಆ ಓಟಿಪಿ ಗೊತ್ತಿಲ್ಲದವರ ಫೋನಿಗೆ ಹೋಗುತ್ತದೆ.

## ಹಂತ 10: ಸಿಮ್ ಕಳೆದುಹೋದರೆ

ಮೊದಲು ಕಂಪನಿಗೆ ಹೇಳಿ ಸಿಮ್ ತಡೆಯಿರಿ. ಫೋನೂ ಹೋಗಿದ್ದರೆ ಯುಪಿಐ, ನೆಟ್ ಬ್ಯಾಂಕಿಂಗ್ ನಿಲ್ಲಿಸಿ. ಬದಲಿ ಸಿಮ್‌ಗೆ ಸಾಮಾನ್ಯವಾಗಿ ನೀವೇ ಊರಿಗೆ ಹೋಗಿ ಗುರುತು ಕೊಡಬೇಕು. ಅಲ್ಲಿಯವರೆಗೆ ರೀಚಾರ್ಜ್ ನಿಲ್ಲಿಸಬೇಡಿ. ಸಿಮ್ ಕೈಯಲ್ಲಿಲ್ಲ ಅಂತ ರೀಚಾರ್ಜ್ ಬಿಟ್ಟವರು ಊರಿಗೆ ಬರುವಷ್ಟರಲ್ಲಿ ನಂಬರನ್ನೂ ಕಳೆದುಕೊಂಡಿರುತ್ತಾರೆ. ಊರಿಗೆ ಹೋದಾಗ ಇದನ್ನು ಮೊದಲ ದಿನವೇ ಮಾಡಿಸಿ. ಆಗ 24 ಗಂಟೆಯ ತಡೆ ಕಳೆದು, ಹೊಸ ಸಿಮ್ಮಿನಿಂದ ಯುಪಿಐ ನೋಂದಾಯಿಸಿ, ರೋಮಿಂಗ್ ಮತ್ತೆ ಚಾಲೂ ಮಾಡಿಸಲು ರಜೆಯ ಉಳಿದ ದಿನಗಳು ಸಿಗುತ್ತವೆ.